ವಿಚಾರವಾದಿನಿ ಸಿಮೋನ್ ದ ಬೊವಾ

ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದು ಶರಣರ ನಿಶ್ಚಿತ ಮತ. 12ನೆಯ ಶತಮಾನದ ಶರಣೆಯರು ಈ ತತ್ತ್ವವನ್ನು ತಮ್ಮ ನಡೆಯಲ್ಲಿಯೇ ತೋರಿದರು. ಹಾಗಿದ್ದೂ ಲೋಕದಲ್ಲಿ ಸ್ತ್ರೀಯು ಎರಡನೆಯವಳಾಗಿಯೇ ಉಳಿದುದೇಕೆ? ಈ ಪ್ರಶ್ನೆಯನ್ನು 20ನೆಯ ಶತಮಾನದಲ್ಲಿ, ದೈವಶ್ರದ್ಧೆಯ ಆಸರೆಯಿಲ್ಲದೆ, ಕೇವಲ ವಿಚಾರಬಲದಿಂದ ಶೋಧಿಸಿದವರಲ್ಲಿ ಫ್ರಾನ್ಸ್ ದೇಶದ ಸಿಮೋನ್ ದ ಬೊವಾ ಅಗ್ರಗಣ್ಯಳು.

ಆಕೆಯು 1908ನೆಯ ಇಸವಿ ಜನವರಿ 9ರಂದು ಪ್ಯಾರಿಸ್ ನಗರದಲ್ಲಿ ಜನಿಸಿದಳು. ತಂದೆ ಜಾರ್ಜ್ ಕಾನೂನು ಕಲಿತವನು, ನಾಟಕಪ್ರಿಯನು, ದೇವರಲ್ಲಿ ನಂಬುಗೆಯಿಲ್ಲದವನು. ತಾಯಿ ಫ್ರಾಂಸ್ವಾಜ್ ಕ್ಯಾಥೊಲಿಕ್ ಮತದಲ್ಲಿ ಅಚಲವಾದ ನಿಷ್ಠೆಯುಳ್ಳವಳು. ಬಾಲ್ಯದಲ್ಲಿ ತಾಯಿಯ ಮಾರ್ಗವನ್ನೇ ಹಿಡಿದ ಮಗಳು ಸಂನ್ಯಾಸಿನಿಯಾಗಲೂ ಹಂಬಲಿಸಿದ್ದುಂಟು. ಆದರೆ 14ನೆಯ ವಯಸ್ಸಿನಲ್ಲಿ ಆ ಶ್ರದ್ಧೆಯು ಕಳಚಿಹೋಯಿತು; ಮರಳಿ ಬರಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಮನೆತನದ ಸಂಪತ್ತು ಕರಗಿತು. ಇಬ್ಬರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಕೊಡುವ ಶಕ್ತಿ ತಂದೆಗಿರಲಿಲ್ಲವಾದ್ದರಿಂದ, ಓದಿ ದುಡಿದು ಬದುಕುವುದೊಂದೇ ಅವರಿಗೆ ಉಳಿದ ದಾರಿಯಾಯಿತು. ತಂದೆಯು ಅವಮಾನವೆಂದು ಬಗೆದ ಬಡತನವೇ ಮಗಳ ಬಿಡುಗಡೆಯ ಬಾಗಿಲನ್ನು ತೆರೆಯಿತು.

1929ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ತತ್ತ್ವಶಾಸ್ತ್ರದ ಅಧ್ಯಾಪಕ ಪದವಿಗಾಗಿ ನಡೆಯುವ ಕಠಿಣ ಪರೀಕ್ಷೆಯಲ್ಲಿ ಆಕೆಯು ಎರಡನೆಯ ಸ್ಥಾನವನ್ನು ಪಡೆದಳು. ಮೊದಲಿಗನಾದವನು ಝಾನ್ ಪಾಲ್ ಸಾರ್ತ್ರ್. ಅವನಿಗೆ ಅದು ಎರಡನೆಯ ಪ್ರಯತ್ನವಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬಾಲ್ಯದ ಗೆಳತಿ ಜಾಜಾ ಅಕಾಲದಲ್ಲಿ ಮೃತಳಾದಳು. ಆಕೆಯು ಒಲಿದ ತರುಣನೊಡನೆ ವಿವಾಹವಾಗುವುದಕ್ಕೆ ಮನೆಯವರು ಅಡ್ಡಿಯಾಗಿದ್ದರು. ಆ ದುಃಖದ ನಡುವೆಯೇ ರೋಗವು ಎರಗಿತ್ತು. ಒಂದೇ ಶಾಲೆಯಲ್ಲಿ ಕಲಿತ ಇಬ್ಬರಲ್ಲಿ ಒಬ್ಬಳು ಪಾರಾದಳು, ಮತ್ತೊಬ್ಬಳು ಕುಲಮರ್ಯಾದೆಯ ಹೊರೆಯಡಿಯಲ್ಲಿ ಕುಸಿದಳು. ಈ ನೋವು ಸಿಮೋನಳನ್ನು ಬಹುಕಾಲ ಬಿಡಲಿಲ್ಲ.

ಸಾರ್ತ್ರನು ಆಕೆಗೆ ಜೀವಮಾನದ ಸಂಗಾತಿಯಾದನು, ಅವರು ವಿವಾಹವಾಗಲಿಲ್ಲ. ಮಾರ್ಸೇ, ರೂಆಂ, ಪ್ಯಾರಿಸ್ ನಗರಗಳಲ್ಲಿ ಆಕೆಯು ಅಧ್ಯಾಪಿಕೆಯಾಗಿದ್ದಳು. ವಿದ್ಯಾರ್ಥಿನಿಯೊಬ್ಬಳ ತಾಯಿಯು ಸಲ್ಲಿಸಿದ ದೂರಿನಿಂದ 1943ರಲ್ಲಿ ಆ ಕೆಲಸವು ಹೋಯಿತು. ಆಕೆಯ ಖಾಸಗಿ ನಡತೆಯೆಲ್ಲವೂ ಅನುಕರಣೀಯವೆಂದು ಯಾರೂ ಹೇಳಲಾರರು. ಆದರೆ ಆಕೆಯು ಎತ್ತಿದ ಪ್ರಶ್ನೆಯ ತೂಕ ಅದರಿಂದ ಕಡಿಮೆಯಾಗದು.

ಅಸ್ತಿತ್ವವಾದವು ಮನುಷ್ಯನಿಗೆ ಮೊದಲೇ ಬರೆದಿಟ್ಟ ಸ್ವಭಾವವೊಂದಿದೆಯೆಂದು ಒಪ್ಪುವುದಿಲ್ಲ. ತಾನು ಮಾಡುವ ಆಯ್ಕೆಗಳಿಂದಲೇ ಅವನು ತಾನಾಗುತ್ತಾನೆ. ಅದರ ಹೊಣೆಯನ್ನು ಹೊರಲೇಬೇಕು. 1949ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಗಿ, ಇಂಗ್ಲಿಷಿನಲ್ಲಿ 'ದಿ ಸೆಕೆಂಡ್ ಸೆಕ್ಸ್' ಎಂಬ ಹೆಸರಿನಿಂದ ಪ್ರಸಿದ್ಧವಾದ ಗ್ರಂಥದಲ್ಲಿ ಸಿಮೋನಳು ಈ ತತ್ತ್ವವನ್ನು ಸ್ತ್ರೀಜೀವನಕ್ಕೆ ಅನ್ವಯಿಸಿದಳು. ಪುರುಷನು ತನ್ನನ್ನೇ ಮನುಷ್ಯತ್ವದ ಅಳತೆಗೋಲಾಗಿ ಮಾಡಿಕೊಂಡು, ಸ್ತ್ರೀಯನ್ನು ಅನ್ಯಳೆಂದು ಎಣಿಸಿದನು. ಆಕೆಯ ದೌರ್ಬಲ್ಯವೆಂದು ಕರೆಯಲ್ಪಡುವುದು ದೇಹದ ವಿಧಿಯಲ್ಲ, ತೊಟ್ಟಿಲಿನಿಂದಲೇ ಬಂದ ಶಿಕ್ಷಣದ ಫಲ. ಇಂದು ಮಾಡಿ ನಾಳೆ ಮತ್ತೆ ಮಾಡಬೇಕಾದ ಮನೆಗೆಲಸದಲ್ಲಿಯೇ ಆಯುಷ್ಯ ಸವೆದರೆ ಸೃಷ್ಟಿಶಕ್ತಿಗೆ ಎಡೆಯಿರದು ಎಂಬುದು ಗ್ರಂಥದ ಸಾರ. ಹೊಣೆಗೆ ಅಂಜಿ ಪರಾಧೀನತೆಯ ಸುಖವನ್ನು ತಾನಾಗಿ ಅಪ್ಪಿಕೊಳ್ಳುವ ಸ್ತ್ರೀಯನ್ನೂ ಆಕೆಯು ಎಚ್ಚರಿಸದೆ ಬಿಡಲಿಲ್ಲ.

ಫ್ರಾನ್ಸಿನ ಸ್ತ್ರೀಯರು ಮತದಾನದ ಹಕ್ಕನ್ನು ಪಡೆದುದು 1944ರಲ್ಲಿ. ವಿವಾಹಿತೆಯು ಗಂಡನ ಸಮ್ಮತಿಯನ್ನು ಬೇಡದೆ ಉದ್ಯೋಗ ಹಿಡಿಯಲು 1965ರವರೆಗೆ ಕಾಯಬೇಕಾಯಿತು. ಅಂತಹ ಕಾಲದಲ್ಲಿ ಬಂದ ಗ್ರಂಥವು ಭಾರಿ ಕೋಲಾಹಲವನ್ನೆಬ್ಬಿಸಿತು. ಅಪಹಾಸ್ಯದ ಪತ್ರಗಳು ಬಂದವು. 1956ರಲ್ಲಿ ವ್ಯಾಟಿಕನ್ ಅದನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು.

ಭಕ್ತರು ವಿಶೇಷವಾಗಿ ಮನನ ಮಾಡತಕ್ಕ ಅಧ್ಯಾಯವೊಂದು ಅದರಲ್ಲಿದೆ. ದೇವರನ್ನು ಪ್ರಿಯನೆಂದು ಭಾವಿಸಿ ಅವನಲ್ಲಿ ಕರಗುವ ಸ್ತ್ರೀಯು ಅನೇಕ ವೇಳೆ ಲೋಕದ ಒಬ್ಬ ಒಡೆಯನನ್ನು ಬಿಟ್ಟು ಪರಲೋಕದ ಒಡೆಯನನ್ನು ಹಿಡಿದಂತಾಗುತ್ತದೆಂದು ಸಿಮೋನಳ ಆಕ್ಷೇಪ. ಆದರೆ ಸ್ಪೇನ್ ದೇಶದ ಸಂತಳಾದ ತೆರೇಸಾಳನ್ನು ಆಕೆಯು ಈ ಮಾತಿನಿಂದ ಹೊರಗಿರಿಸಿ ಗೌರವಿಸಿದಳು. ಶರಣಸತಿ ಲಿಂಗಪತಿ ಭಾವದ ಅಕ್ಕಮಹಾದೇವಿಗೂ ಈ ಆಕ್ಷೇಪ ತಟ್ಟುವುದೆ? ಅಕ್ಕನು ಅರಸನ ವೈಭವವನ್ನು ತೊರೆದಳು. ಕಲ್ಯಾಣದಲ್ಲಿ ಅಲ್ಲಮಪ್ರಭುವಿನ ಕಟುಪ್ರಶ್ನೆಗಳಿಗೆ ತಾನೇ ನಿಂತು ಉತ್ತರವಿತ್ತಳು. ಶ್ರೀಶೈಲದ ಹಾದಿಯನ್ನು ತಾನೇ ಆರಿಸಿಕೊಂಡಳು. ಚೆನ್ನಮಲ್ಲಿಕಾರ್ಜುನನಿಗೆ ತನ್ನನ್ನು ಅರ್ಪಿಸಿದುದರಿಂದ ಆಕೆಯ ವಿವೇಕವು ಕುಂದಲಿಲ್ಲ, ಬೆಳಗಿತು. ಲಿಂಗಾಂಗ ಸಾಮರಸ್ಯದಲ್ಲಿ ಒಡೆಯ ಆಳೆಂಬ ಇಬ್ಬಗೆಯೇ ಅಳಿಯುವುದು. ದೇವರನ್ನು ಒಪ್ಪದ ಸಿಮೋನಳ ಮಾರ್ಗವು ಈ ನೆಲೆಯನ್ನು ಮುಟ್ಟದು. ಆದರೂ ಸಮರ್ಪಣೆಯ ಹೆಸರಿನಲ್ಲಿ ದಾಸ್ಯವು ನುಸುಳದಂತೆ ಕಾಯುವ ಎಚ್ಚರವನ್ನು ಆಕೆಯಿಂದ ಕಲಿಯಬಹುದು.

1954ರಲ್ಲಿ 'ಮ್ಯಾಂಡರಿನ್ಸ್' ಕಾದಂಬರಿಗೆ ಗೊನ್‌ಕೂರ್ ಪ್ರಶಸ್ತಿ ದೊರೆಯಿತು. 1963ರಲ್ಲಿ ತಾಯಿಯ ಕೊನೆಯ ದಿನಗಳಲ್ಲಿ ಹಾಸಿಗೆಯ ಬಳಿಯಿದ್ದು, ಶ್ರದ್ಧೆಯಲ್ಲಿ ದೂರವಾಗಿದ್ದ ಆ ಜೀವವನ್ನು ಮಗಳು ಹೊಸದಾಗಿ ಅರಿತಳು. ಆ ಅನುಭವವನ್ನು ಮರುವರ್ಷ ಪುಸ್ತಕವಾಗಿಸಿದಳು. 1970ರಲ್ಲಿ, ಸಮಾಜವು ಮೂಲೆಗೊತ್ತಿದ ವೃದ್ಧರ ಬಾಳನ್ನು ಕುರಿತು ದೊಡ್ಡ ಗ್ರಂಥವನ್ನು ರಚಿಸಿದಳು. 1980ರಲ್ಲಿ ಸಾರ್ತ್ರನು ತೀರಿಕೊಂಡನು. 1986ರ ಏಪ್ರಿಲ್ 14ರಂದು ಸಿಮೋನಳೂ ಕಾಲವಶಳಾಗಿ, ಪ್ಯಾರಿಸ್ಸಿನ ಮೋಂಪಾರ್ನಾಸ್ ರುದ್ರಭೂಮಿಯಲ್ಲಿ ಅವನ ಸಮಾಧಿಯಲ್ಲಿಯೇ ಮಣ್ಣಾದಳು.

ಸ್ವಂತ ದುಡಿಮೆಯಿಲ್ಲದೆ ಸ್ತ್ರೀಗೆ ನಿಜವಾದ ಸ್ವಾತಂತ್ರ್ಯವಿಲ್ಲವೆಂಬುದು ಆಕೆಯ ದೃಢಮತವಾಗಿತ್ತು. ಕಾಯಕತತ್ತ್ವವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ತಡೆದು ತಿದ್ದಿದ ಲಕ್ಕಮ್ಮನು ಗೃಹಿಣಿಯೇ. ಮನೆಯಲ್ಲಿದ್ದೇ ಆಕೆಯು ಗಂಡನಿಗೆ ಅರಿವಿನ ಗುರುವಾದಳು. ಮನೆಯ ಹೆಣ್ಣುಮಗಳಿಗೆ ವಿದ್ಯೆಯನ್ನೂ ಕಾಯಕವನ್ನೂ ಕೊಟ್ಟು, ಆಕೆಯ ಮಾತಿಗೆ ಕಿವಿಗೊಡುವ ಗೃಹಸ್ಥನು ಶರಣರ ಮಾರ್ಗದಲ್ಲಿಯೇ ನಡೆದವನಾಗುತ್ತಾನೆ.