ಕಡಲಾಳದ ಛಾಯಾಗ್ರಾಹಕ ಲೂಯಿ ಬೂತಾನ್

ಮಳೆಗಾಲದಲ್ಲಿ ತುಂಗಭದ್ರೆ ಕೆಂಪಾಗಿ ಹರಿಯುವಾಗ ಮೊಣಕಾಲುದ್ದದ ನೀರಿನಲ್ಲಿಯೂ ತಳ ಕಾಣದೆಂಬುದನ್ನು ಹೊನ್ನಾಳಿ, ನ್ಯಾಮತಿ ಸೀಮೆಯ ಮಕ್ಕಳು ಬಲ್ಲರು. ಕಡಲಿನ ನೀರು ಎಷ್ಟೇ ತಿಳಿಯಾಗಿದ್ದರೂ ಆಳಕ್ಕೆ ಇಳಿದಂತೆ ಬೆಳಕು ಕುಗ್ಗುತ್ತದೆ; ಮೊದಲು ಕೆಂಪು ಬಣ್ಣ ಅಡಗಿ, ಕೊನೆಗೆ ನೀಲಿಯೊಂದೇ ಉಳಿಯುತ್ತದೆ. ಆ ಮಬ್ಬಿನಲ್ಲಿ ಒಳ್ಳೆಯ ಛಾಯಾಚಿತ್ರ ತೆಗೆಯುವ ಬಗೆಯನ್ನು ಅರಸಿ ಹಲವು ವರ್ಷ ದುಡಿದವರು ಫ್ರಾನ್ಸಿನ ಪ್ರಾಣಿವಿಜ್ಞಾನಿ ಲೂಯಿ ಬೂತಾನ್.

ಬೂತಾನರು 1859ರಲ್ಲಿ ವರ್ಸೈಲ್ಸ್ ನಗರದಲ್ಲಿ ಜನಿಸಿದರು. ಮೆಡಿಟರೇನಿಯನ್ ತೀರದ ಬಾನ್ಯೂಲ್ಸ್ ಎಂಬಲ್ಲಿದ್ದ ಅರಾಗೋ ಪ್ರಯೋಗಶಾಲೆಯಲ್ಲಿ ಕಡಲಜೀವಿಗಳನ್ನು ಅಭ್ಯಸಿಸುತ್ತ, ಲೋಹದ ಶಿರಸ್ತ್ರಾಣ ಧರಿಸಿ ತಾವೇ ತಳಕ್ಕೆ ಇಳಿಯುತ್ತಿದ್ದರು. ಅಲ್ಲಿ ಕಂಡ ನೋಟವನ್ನು ಮಾತಿನಲ್ಲಿ ಹೇಳಿದರೆ ಸಾಲದು, ಚಿತ್ರವಾಗಿಯೇ ದಡಕ್ಕೆ ತರಬೇಕೆಂಬ ಹಂಬಲ ಅವರಲ್ಲಿ ಬಲಿಯಿತು. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಥಾಂಪ್ಸನ್ ಎಂಬವರು ದೋಣಿಯಿಂದ ಕ್ಯಾಮರಾ ಇಳಿಬಿಟ್ಟು ಒಂದು ಚಿತ್ರ ಪಡೆದಿದ್ದರು. ಅದು ಬಲು ಮಸುಕಾಗಿತ್ತು. ಕ್ಯಾಮರಾದೊಡನೆ ತಾವೂ ಇಳಿಯಬೇಕೆಂದು ಬೂತಾನರು ನಿಶ್ಚಯಿಸಿದರು.

ಎಂಜಿನಿಯರಾಗಿದ್ದ ಸಹೋದರ ಆಗಸ್ಟ್ ಅವರ ನೆರವಿನಿಂದ 1893ರಲ್ಲಿ ನೀರು ಹೊಗದ ತಾಮ್ರದ ಪೆಟ್ಟಿಗೆಯೊಂದು ಸಿದ್ಧವಾಯಿತು. ಹತ್ತು ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿರುವುದರ ಎರಡರಷ್ಟಾಗುತ್ತದೆ. ಅದಕ್ಕಾಗಿ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಚೀಲವನ್ನು ಜೋಡಿಸಿದ್ದರು. ನೀರು ಚೀಲವನ್ನು ಅಮುಕಿದಾಗ ಗಾಳಿ ಪೆಟ್ಟಿಗೆಯೊಳಕ್ಕೆ ನುಗ್ಗಿ, ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುತ್ತಿತ್ತು. ಎಷ್ಟು ಸರಳವಾದ ಉಪಾಯ!

ಬೆಳಕಿನ ತೊಡಕು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಒಂದೊಂದು ಚಿತ್ರಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ದೋಣಿಯವರು ಕೊಳವೆಯ ಮೂಲಕ ಕಳುಹಿಸುವ ಗಾಳಿಯನ್ನು ಉಸಿರಾಡುತ್ತ ಅಷ್ಟು ಹೊತ್ತೂ ತಳದಲ್ಲಿ ಕಾಯಬೇಕು. ಕಾಲಿನ ಭಾರಕ್ಕೆ ಕೆಸರು ಎದ್ದರೆ ಎಲ್ಲವೂ ವ್ಯರ್ಥ. ಬಂಡೆ, ಪಾಚಿಗಳು ಚಿತ್ರದಲ್ಲಿ ಮೂಡಿದರೂ ಓಡಾಡುವ ಮೀನು ಮೂಡುವಂತಿರಲಿಲ್ಲ.

ಆದುದರಿಂದ ಕೃತಕ ಬೆಳಕು ಅಗತ್ಯವಾಯಿತು. ಆಮ್ಲಜನಕ ತುಂಬಿದ ಗಾಜಿನ ಬುರುಡೆಯಲ್ಲಿ ಮೆಗ್ನೀಸಿಯಂ ತಂತಿಯನ್ನು ಉರಿಸಿ ನೋಡಿದರು, ಬುರುಡೆ ಸಿಡಿಯುತ್ತಿತ್ತು. ಬಳಿಕ 200 ಲೀಟರ್ ಆಮ್ಲಜನಕ ಹಿಡಿಯುವ ಪೀಪಾಯಿಯ ಮೇಲೆ ಮದ್ಯಸಾರದ ದೀಪವಿಟ್ಟು, ಅದರ ಜ್ವಾಲೆಗೆ ಮೆಗ್ನೀಸಿಯಂ ಪುಡಿಯನ್ನು ಊದಿದರು. ಕ್ಷಣಮಾತ್ರ ತಳವೆಲ್ಲ ಬೆಳಗಿತು. 1899ರಲ್ಲಿ ವಿದ್ಯುದ್ದೀಪಗಳೊಡನೆ ಕ್ಯಾಮರಾವನ್ನು 50 ಮೀಟರ್ ಆಳಕ್ಕೆ ಇಳಿಸಿ, ಮೇಲಿನಿಂದಲೇ ಚಿತ್ರ ತೆಗೆದರು. ರುಮೇನಿಯಾದ ವಿಜ್ಞಾನಿ ಎಮಿಲ್ ರಾಕೋವಿತ್ಸಾ ಅವರು ಮುಳುಗುಡುಪಿನಲ್ಲಿ ನಿಂತಿರುವ ಪ್ರಸಿದ್ಧ ಚಿತ್ರವೂ ಆ ವರ್ಷದ್ದೇ.

1900ರಲ್ಲಿ ಬೂತಾನರು ಈ ವಿದ್ಯೆಯ ಬಗೆಗೆ ಗ್ರಂಥವೊಂದನ್ನು ಪ್ರಕಟಿಸಿದರು. ಮುಂದೆ ಇಂಡೋಚೀನಾಕ್ಕೆ ತೆರಳಿದರು. ಮುತ್ತುಗಳ ಉತ್ಪತ್ತಿಯನ್ನೂ ಅಭ್ಯಸಿಸಿದರು. 1934ರಲ್ಲಿ ಅಲ್ಜೀರಿಯಾದಲ್ಲಿ, ಅದೇ ಮೆಡಿಟರೇನಿಯನ್ನಿನ ಆಚೆಯ ದಡದ ನಾಡಿನಲ್ಲಿ, ನಿಧನರಾದರು.