ಮಗನ ಸಾವೇ ಸ್ನೋಮೊಬೈಲ್ ಹುಟ್ಟಿಗೆ ಕಾರಣವೇ? ಬೊಂಬಾರ್ಡಿಯರ್ ಕಥೆಯಲ್ಲಿ ನಿಜವೆಷ್ಟು?

ಹಿಮ ಬಿದ್ದು ದಾರಿ ಮುಚ್ಚಿತ್ತು, ಮಗುವನ್ನು ಆಸ್ಪತ್ರೆಗೆ ಸೇರಿಸಲಾಗಲಿಲ್ಲ, ಆ ದುಃಖದಲ್ಲೇ ತಂದೆ ಸ್ನೋಮೊಬೈಲ್ ಕಂಡುಹಿಡಿದರು. ಕೆನಡಾದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಬಗ್ಗೆ ಈ ಕಥೆಯನ್ನು ನೀವೂ ಓದಿರಬಹುದು. ಮಗುವಿನ ಸಾವು ನಿಜ. ಆದರೆ ಹುಡುಕಾಟ ಶುರುವಾಗಿದ್ದು ಅದಕ್ಕೂ ಬಹಳ ಮೊದಲು.

ಹದಿನೈದರ ಹುಡುಗನ ಬಂಡಿ

ಬೊಂಬಾರ್ಡಿಯರ್ ಹುಟ್ಟಿದ್ದು 1907ರ ಏಪ್ರಿಲ್ 16ರಂದು, ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ. ಚಳಿಗಾಲ ಬಂತೆಂದರೆ ಅಲ್ಲಿ ಕಾರುಗಳು ಮೂಲೆ ಸೇರುತ್ತಿದ್ದವು. ಓಡಾಟಕ್ಕೆ ಕುದುರೆ ಎಳೆಯುವ ಜಾರುಬಂಡಿಯೇ ಗತಿ. 1922ರಲ್ಲಿ, 15ನೇ ವಯಸ್ಸಿನಲ್ಲಿ, ಅವರು ಹಳೆಯ ಫೋರ್ಡ್ ಎಂಜಿನ್ ಮತ್ತು ವಿಮಾನದಂಥ ಪಂಖವನ್ನು ಜಾರುಬಂಡಿಗೆ ಜೋಡಿಸಿ ಓಡಿಸಿಯೇಬಿಟ್ಟರು. ಮರೆಯಿಲ್ಲದೆ ತಿರುಗುವ ಪಂಖ ಅಪಾಯವೆಂದು ತಂದೆ ಅದನ್ನು ಬಿಚ್ಚಿಸಿದರು. 1926ರಲ್ಲಿ ಸ್ವಂತ ಗ್ಯಾರೇಜ್ ತೆರೆದ ಮೇಲೂ ಪ್ರಯೋಗ ನಿಲ್ಲಲಿಲ್ಲ.

1934ರ ಚಳಿಗಾಲ

ಎರಡು ವರ್ಷದ ಮಗ ಈವೋನ್‌ಗೆ ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಸೋಂಕು ಹರಡಿತು. ತಕ್ಷಣ ಶಸ್ತ್ರಚಿಕಿತ್ಸೆ ಬೇಕಿತ್ತು, ದಾರಿಯಿರಲಿಲ್ಲ. ತಂದೆಯ ಪ್ರಯೋಗಗಳು ಇನ್ನೂ ಕೈಗೂಡಿರಲಿಲ್ಲ. ಮಗು ಉಳಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಅವರು ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ಅದು ತಿರುಗಿಸುವ ಟ್ರ್ಯಾಕ್ ರೂಪಿಸಿದರು. 1937ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಬಿ7, ನಂತರ ಹನ್ನೆರಡು ಜನರ ಬಿ12 ಬಂದವು. ಅವು ಆಂಬುಲೆನ್ಸ್ ಆದವು, ಶಾಲಾ ಬಸ್ ಆದವು, ಅಂಚೆ ಹೊತ್ತವು. 1959ರಲ್ಲಿ ಒಬ್ಬಿಬ್ಬರು ಕೂರುವ ಹಗುರ ಸ್ಕೀ-ಡೂ ಬಂತು.

ದೊಡ್ಡ ಎಂಜಿನ್ ಇದ್ದರೆ ಸಾಕೇ?

ಸಾಲದು. ಕೆಸರುಗದ್ದೆಗೆ ಹಲಗೆ ಹಾಸಿದರೆ ಕಾಲು ಹೂತುಕೊಳ್ಳುವುದಿಲ್ಲ. ಟ್ರ್ಯಾಕ್ ಮಾಡುವುದೂ ಅದನ್ನೇ, ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ. ಹಿಡಿತವಿಲ್ಲದಿದ್ದರೆ ಎಂಜಿನ್ ಶಕ್ತಿಯೆಲ್ಲ ಹಿಮ ತೋಡಿ ಗುಂಡಿ ಮಾಡುವುದಕ್ಕೇ ಹೋಗುತ್ತದೆ.

ಇಂದು ಬೆಟ್ಟ ಹತ್ತುವ ಸ್ನೋಮೊಬೈಲ್‌ಗಳಲ್ಲಿ ಟ್ರ್ಯಾಕಿನ ಸುತ್ತಳತೆ 165 ಇಂಚಿನಷ್ಟೂ ಇರುತ್ತದೆ. ಅದರ ಮೇಲಿನ ರಬ್ಬರ್ ಹಲ್ಲುಗಳು ಎರಡೂವರೆಯಿಂದ ಮೂರು ಇಂಚು ಎತ್ತರವಿದ್ದು, ಹುಟ್ಟು ನೀರನ್ನು ತಳ್ಳುವಂತೆ ಪುಡಿ ಹಿಮವನ್ನು ಹಿಂದಕ್ಕೆ ತಳ್ಳುತ್ತವೆ. ಗಟ್ಟಿ ಹಿಮದ ದಾರಿಗೆ ಗಿಡ್ಡ ಹಲ್ಲುಗಳೇ ಸರಿ.

ಜೋಡಣೆಯೂ ಮುಖ್ಯ. ಟ್ರ್ಯಾಕ್ ತೀರಾ ಬಿಗಿಯಾದರೆ ಘರ್ಷಣೆಯಲ್ಲಿ ಶಕ್ತಿ ಪೋಲಾಗುತ್ತದೆ, ತೀರಾ ಸಡಿಲವಾದರೆ ಹಲ್ಲುಚಕ್ರದ ಮೇಲೆ ಜಾರುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಬಿದ್ದು ಮುಂದಿನ ಸ್ಕೀಗಳು ಮೇಲೇಳುತ್ತವೆ. ಸಸ್ಪೆನ್ಷನ್‌ನ ಮುಂಭಾಗದ ಪಟ್ಟಿಯನ್ನು ಗಿಡ್ಡ ಮಾಡಿದರೆ ಅದು ಕಡಿಮೆಯಾಗುತ್ತದೆ.

ನಮ್ಮ ತೀರ್ಮಾನ: ಅರ್ಧ ಸತ್ಯ

1964ರ ಫೆಬ್ರವರಿ 18ರಂದು, 56ನೇ ವಯಸ್ಸಿನಲ್ಲಿ, ಬೊಂಬಾರ್ಡಿಯರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗನ ಸಾವಿಗೆ 12 ವರ್ಷ ಮೊದಲೇ ಅವರ ಕೆಲಸ ಶುರುವಾಗಿತ್ತು, ಪೇಟೆಂಟ್ ಸಿಕ್ಕಿದ್ದು ಮೂರು ವರ್ಷಗಳ ಬಳಿಕ. ಒಂದು ಸಾವು, ಒಂದು ಆವಿಷ್ಕಾರ ಎಂಬ ಕಥೆ ಕಣ್ಣೀರು ತರಿಸುತ್ತದೆ, ಸರಿ. ಆದರೆ ಅದು ಹದಿನೈದು ವರ್ಷಗಳ ದುಡಿಮೆಯನ್ನು ನುಂಗಿಹಾಕುತ್ತದೆ. ಮುಂದಿನ ಸಲ ಈ ಕಥೆ ನಿಮ್ಮ ಗ್ರೂಪಿಗೆ ಬಂದರೆ, ಆ ಹದಿನೈದರ ಹುಡುಗನನ್ನೂ ಸೇರಿಸಿ ಫಾರ್ವರ್ಡ್ ಮಾಡಿ.