ಮಗ್ಗದ ಮನೆಗಳ ನಡುವೆ ಒಂದು ನಡಿಗೆ

ಮಕ್ಕಳೇ, ಹಳೆಯ ವ್ಯಾಪಾರದ ಕಟ್ಟಡ ನೋಡಬೇಕೆಂದರೆ ಜನ ಬಂದರು ಪಟ್ಟಣಕ್ಕೆ ಹೋಗಿ ಧಕ್ಕೆ, ಗೋದಾಮು ಸುತ್ತುತ್ತಾರೆ. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಗೆ ಸಮುದ್ರವಿಲ್ಲ. ಆದರೆ ಈ ನೇಕಾರರ ಊರಿನಲ್ಲಿ ಮನೆಯೇ ಕಾರ್ಖಾನೆ, ಪಡಸಾಲೆಯೇ ಅಂಗಡಿ. ಬನ್ನಿ, ಓಣಿ ಹಿಡಿದು ನಡೆಯೋಣ.

ಮೊದಲು ಓಣಿಯನ್ನೇ ನೋಡಿ. ಕೈಮಗ್ಗದ ಊರುಗಳಲ್ಲಿ ಸೀರೆಯ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ನೂಲು ಗಟ್ಟಿಯಾಗಲು ಬಿಸಿಲೂ ಬೇಕು, ಜಾಗವೂ ಬೇಕು.

ಇನ್ನು ಹಳೆಯ ಮನೆಗಳು. ದಪ್ಪ ಗೋಡೆ, ಮರದ ಕಂಬ-ತೊಲೆ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಉರಿಬಿಸಿಲಿದ್ದರೂ ಒಳಗೆ ತಂಪು. ಮಾಳಿಗೆಯ ಬೆಳಕಿಂಡಿಯಿಂದ ಬೆಳಕು ಇಳಿಯುತ್ತದೆ. ಕುಣಿಮಗ್ಗವನ್ನು ನೆಲದ ತಗ್ಗಿನ ಮೇಲೆ ಹೂಡುತ್ತಾರೆ. ನೇಕಾರ ತಗ್ಗಿನೊಳಗೆ ಕಾಲಿಳಿಸಿ ಕೂತು ಕಾಲುಮಣೆ ತುಳಿಯುತ್ತಾನೆ, ಕೈಯಿಂದ ಲಾಳಿ ಓಡಿಸುತ್ತಾನೆ. ನೆಲದ ತಂಪಿಗೆ ನೂಲು ಬೇಗ ಹರಿಯುವುದಿಲ್ಲ. ಅಜ್ಜಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ. ಒಂದು ಸೀರೆಗೆ ಇಡೀ ಮನೆಯ ಕೈ ಸೇರುತ್ತದೆ.

ಅಕ್ಕಪಕ್ಕದ ಈ ಎರಡು ಊರುಗಳನ್ನು ಹಿಂದೆ ಬೇರೆ ಬೇರೆ ಸಂಸ್ಥಾನಗಳು ಆಳುತ್ತಿದ್ದವು. ರಬಕವಿ ಸಾಂಗಲಿಗೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು; 1956ರಲ್ಲಿ ಈ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. ದೊರೆಗಳು ಬೇರೆಯಾದರೂ ಕಸುಬು ಒಂದೇ ಆಗಿತ್ತು.

ಬಂದರಿನ ನಂಟೂ ಈ ಸೀಮೆಗಿತ್ತು. 19ನೇ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ, ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದವು. ಆ ಗಿರಣಿಗಳ ಅಗ್ಗದ ಬಟ್ಟೆ ನಮ್ಮ ಪೇಟೆಗೆ ಬಂದು ಕೈಮಗ್ಗಕ್ಕೆ ಪೆಟ್ಟು ಕೊಟ್ಟಿತು. ಇಂದು ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹೆಚ್ಚಾಗಿ ಕೇಳುವುದು ವಿದ್ಯುತ್ ಮಗ್ಗದ ಸದ್ದು.

ರಜೆಗೆ ಊರಿಗೆ ಹೋದಾಗ ಅಜ್ಜ-ಅಜ್ಜಿಯ ಜೊತೆ ಒಮ್ಮೆ ಇಲ್ಲಿಗೆ ಬನ್ನಿ. ಮನೆಯವರನ್ನು ಕೇಳಿ ಒಳಗೆ ಹೋಗಿ, ಮಗ್ಗದ ಹತ್ತಿರ ಕೂತು ನೋಡಿ. ನೇಯ್ದವರ ಕೈಯಿಂದಲೇ ಒಂದು ಸೀರೆ ಕೊಂಡು ಅಮ್ಮನಿಗೆ ಕೊಡಿ.